ಕರೆಂಟಿಗೆ ಬೀಗ, ಗಾಳಿಗೆ ಹಗ್ಗ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ರಟ್ಟಿನ ಕಾರ್ಖಾನೆಯ ಹಿಂಬದಿಯ ಫ್ಯಾನ್ ಕೋಣೆಯಲ್ಲಿ ಒಬ್ಬ ಹೆಂಗಸು ಕಾಂಕ್ರೀಟ್ ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕಟ್ಟೆಗೆ ಕಚ್ಚಿಸಿದ ಕಬ್ಬಿಣದ ಚೌಕಟ್ಟಿನ ಮೇಲೆ ಬೆರಳ ತುದಿ ಆಡಿಸುತ್ತಾರೆ, ನಿಲ್ಲಿಸುತ್ತಾರೆ, ಹಳೆಯ ಬ್ಲೇಡಿನಿಂದ ಏನನ್ನೋ ಕೆರೆಯುತ್ತಾರೆ, ಬಟ್ಟೆಯಲ್ಲಿ ಒರೆಸಿ ಮತ್ತೆ ಬೆರಳು ಆಡಿಸುತ್ತಾರೆ. ನಾನು ಬಗ್ಗಿ ನೋಡುತ್ತೇನೆ. ನನ್ನ ಕಣ್ಣಿಗೆ ಅಲ್ಲಿ ಏನೂ ಇಲ್ಲ.

"ಹಳೇ ಬಣ್ಣದ ಚಕ್ಕೆ ಸಾರ್," ಅನ್ನುತ್ತಾರೆ ತಲೆಯೆತ್ತದೆ. "ಇಷ್ಟೇ ಇಷ್ಟು. ಆದ್ರೆ ಇದರ ಮೇಲೆ ಮೋಟರ್ ಕೂರಿಸಿದ್ರೆ ಒಂದು ಕಾಲು ಮೇಲಾಗುತ್ತೆ. ಬೋಲ್ಟ್ ಬಿಗಿದ್ರೆ ಸರಿಯಾಗಿ ಕೂತ ಹಾಗೇ ಕಾಣುತ್ತೆ, ಒಳಗೆ ಮೈಯೆಲ್ಲ ತಿರುಚಿಕೊಂಡಿರುತ್ತೆ. ಕುಂಟು ಮಂಚದ ಮೇಲೆ ಮಲಗಿದ್ರೆ ನಮಗೆ ನಿದ್ದೆ ಬರುತ್ತಾ? ಅದಕ್ಕೂ ಹಾಗೇ."

ಇವರನ್ನು ಇಲ್ಲಿ ಎಲ್ಲರೂ ಅತ್ತಿಗೆ ಎನ್ನುತ್ತಾರೆ. ಗೇಟಿನ ಕಾವಲುಗಾರನಿಗೂ ಅತ್ತಿಗೆ, ಸೂಪರ್‌ವೈಸರಿಗೂ ಅತ್ತಿಗೆ, ವಯಸ್ಸಿನಲ್ಲಿ ಇವರಿಗಿಂತ ಹಿರಿಯರಾದ ಬಾಯ್ಲರ್ ಕೆಲಸದವರಿಗೂ ಅತ್ತಿಗೆಯೇ. ನಿಜವಾಗಿ ಹಾಗೆ ಕರೆಯುವ ಹಕ್ಕಿರುವುದು ಒಬ್ಬರಿಗೆ ಮಾತ್ರ, ಗಂಡನ ತಮ್ಮನಿಗೆ. ಆ ಮೈದುನ ಎಲೆಕ್ಟ್ರಿಷಿಯನ್. ಈ ಹೊತ್ತಿನಲ್ಲಿ ಫ್ಯಾನ್ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಎಡಗೈಯಲ್ಲಿ ಸಾಮಾನಿನ ಚೀಲ ಹಿಡಿದಿದ್ದಾರೆ, ಬಲಗೈ ಪ್ಯಾಂಟಿನ ಜೇಬಿನಲ್ಲಿದೆ. ಒಳಗೆ ಇನ್ನೂ ಕಾಲಿಟ್ಟಿಲ್ಲ.

ಎರಡು ವರ್ಷದ ಹಿಂದೆ ಇದೇ ಕೋಣೆಯ ಇದೇ ಫ್ಯಾನಿನ ಬೆಲ್ಟಿಗೆ ಆ ಬಲಗೈಯ ಮೂರು ಬೆರಳು ಹೋದವು. ಆಮೇಲೆ ಅವರು ಈ ಕಡೆ ತಲೆ ಹಾಕಿಯೂ ಮಲಗಿಲ್ಲ. ಗೇಟಿನ ಬಳಿ ಒಂದು ಕುರ್ಚಿ ಕೊಟ್ಟಿದ್ದಾರೆ, ಬಂದ ಲಾರಿಗಳಿಗೆ ಚೀಟಿ ಕೊಡುವ ಕೆಲಸ. ಈಗ ಫ್ಯಾನಿಗೆ ಹೊಸ ಮೋಟರ್ ಬಂದಿದೆ. ಅದನ್ನು ಕೂರಿಸುವವರು ಅತ್ತಿಗೆ. ತಂತಿ ಕೂಡಿಸಿ, ಬೆಲ್ಟ್ ಹಾಕಿ, ಓಡಿಸಿ ತೋರಿಸುವ ಕೆಲಸ ನನಗಿರಲಿ ಎಂದು ಮೈದುನ ತಾವೇ ಕೇಳಿಕೊಂಡು ಬಂದಿದ್ದಾರೆ.

"ಇವತ್ತು ಇದಕ್ಕೆ ಕೈ ಹಾಕಕ್ಕೆ ಆಗ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ಆಗಲ್ಲ ಸಾರ್," ಎಂದು ದಾರಿಯಲ್ಲಿ ನನಗೆ ಹೇಳಿದ್ದರು. "ಆಮೇಲೆ ಕುರ್ಚೀನೇ ಗತಿ. ಬರೋ ಲಾರಿ, ಹೋಗೋ ಲಾರಿ. ಕೆಲಸ ಕೆಟ್ಟದ್ದಲ್ಲ. ಆದ್ರೆ ನಂದಲ್ಲ."

ಅತ್ತಿಗೆ ಬಾಗಿಲ ಕಡೆ ತಿರುಗಿ ನೋಡುವುದಿಲ್ಲ. "ಕರೀಬಾರ್ದು," ಎಂದು ನನಗಷ್ಟೇ ಕೇಳುವ ಹಾಗೆ ಹೇಳಿ ಇನ್ನೊಂದು ಚಕ್ಕೆಯನ್ನು ಕೆರೆಯುತ್ತಾರೆ.

ಬೆಳಗ್ಗೆ ಇವರ ಜೊತೆಗೇ ಬರೋಣವೆಂದು ನಾನು ಮೊದಲು ಮನೆಗೇ ಹೋಗಿದ್ದೆ. ಗಾಡಿ ಹೋಗದಷ್ಟು ಕಿರಿದಾದ ಓಣಿ, ಮೂರು ಕೋಣೆಯ ಮನೆ, ಬಾಗಿಲ ಬಳಿ ಸಾಲಾಗಿ ಬಿಟ್ಟ ಚಪ್ಪಲಿಗಳು. ಅತ್ತಿಗೆಯ ಗಂಡ ಶಾಲೆಯ ವ್ಯಾನ್ ಓಡಿಸುವವರು, ಆಗಲೇ ಹೊರಟುಹೋಗಿದ್ದರು. ಊಟದ ಡಬ್ಬಿಗಳನ್ನು ತುಂಬಿಸಿಟ್ಟಿದ್ದವರು ಅತ್ತೆ. ಅವರು ಒಂದು ಡಬ್ಬಿಯನ್ನು ಮಗನ ಕೈಗೆ ಕೊಟ್ಟರು, ಇನ್ನೊಂದನ್ನು ಮೇಜಿನ ಮೇಲಿಟ್ಟು ಸೊಸೆ ತೆಗೆದುಕೊಳ್ಳುವವರೆಗೆ ಬೇರೆಲ್ಲೋ ನೋಡುತ್ತಾ ನಿಂತರು. ಮಗನಿಗೆ ಮಾತ್ರ ಹೇಳಿದರು: "ಬೇಡ ಅನ್ನಿಸಿದ್ರೆ ಎದ್ದು ಬಂದ್ಬಿಡು. ಯಾರೂ ನಗಲ್ಲ."

ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆಂದಲ್ಲ. ನೀರು ಬಂತಾ, ಸೊಪ್ಪು ತಂದೆಯಾ, ಗ್ಯಾಸ್ ಮುಗೀತಾ, ಎಲ್ಲ ಮಾತೂ ಇದೆ. ಕಾರ್ಖಾನೆಯ ಮಾತು ಮಾತ್ರ ಇಬ್ಬರ ನಡುವೆ ಎರಡು ವರ್ಷದಿಂದ ಬಂದಿಲ್ಲ. ಅಂದು ಮಗನನ್ನು ಜೊತೆಗೆ ಕರೆದುಕೊಂಡು ಹೋದವಳು ಸೊಸೆ, ಅವನು ಆಸ್ಪತ್ರೆಯಿಂದ ಬಂದ. ಅದರ ಬಗ್ಗೆ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು ಸಾರ್," ಅನ್ನುತ್ತಾರೆ ಅತ್ತಿಗೆ. "ಬೈದೋರಿಗೆ ಏನಾದ್ರೂ ಹೇಳ್ಬಹುದು. ಸುಮ್ನಿರೋರಿಗೆ ಏನಂತ ಹೇಳೋದು?"

ನಾವು ಪತ್ರಿಕೆಯ ಪುರವಣಿಯವರು ಇಂಥವರನ್ನು ಹುಡುಕಿಕೊಂಡು ಹೋಗುವುದು ಸಾಮಾನ್ಯವಾಗಿ ಏನೋ ಅನಾಹುತವಾದ ಮೇಲೆಯೇ. ಊರಿನ ನೀರಿನ ಪಂಪು, ಹಿಟ್ಟಿನ ಗಿರಣಿ, ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರ, ಲಿಫ್ಟು, ಎಲ್ಲದರ ಹಿಂದೆಯೂ ಒಂದು ಮೋಟರ್ ಇರುತ್ತದೆ. ಆ ಮೋಟರನ್ನು ಯಾರೋ ಒಬ್ಬರು ಎತ್ತಿ, ಇಳಿಸಿ, ಮಟ್ಟ ನೋಡಿ, ಬಿಗಿದು ಹೋಗಿರುತ್ತಾರೆ. ಅವರು ಕೆಲಸ ಸರಿಯಾಗಿ ಮಾಡಿದ್ದರೆ ನಮಗೆ ಅವರು ಇದ್ದರೆಂದೇ ಗೊತ್ತಾಗುವುದಿಲ್ಲ. ಇದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ. ಅತ್ತಿಗೆಗೆ ಹಾಗೇನೂ ಅನ್ನಿಸಿದಂತಿಲ್ಲ.

ಈ ಕೆಲಸಕ್ಕೆ ಅವರು ಬಂದದ್ದೇ ಒಂದು ತಮಾಷೆ. ಮೊದಲು ಗೋಣಿಚೀಲ ಹೊಲಿಯುವ ಕಡೆ ಇದ್ದರು. ಒಂದು ದಿನ ಮೈದುನನ ಸಹಾಯಕ ಕೈಕೊಟ್ಟ. "ಅತ್ತಿಗೆ, ಇವತ್ತೊಂದಿನ ಬಂದು ಟಾರ್ಚ್ ಹಿಡೀರಿ, ಸಾಕು" ಎಂದು ಮೈದುನ ಕರೆದರು. ಹೋದರು, ಟಾರ್ಚ್ ಹಿಡಿದರು. ಅದನ್ನು ಮೋಟರಿನ ಮೇಲೆ ಬಿಡುವ ಬದಲು ತಮಗೆ ಬೇಕಾದ ಕಡೆಯೆಲ್ಲ ಬಿಟ್ಟು ನೋಡುತ್ತಾ ಮೈದುನನ ಕೈಯಲ್ಲಿ ಬೈಸಿಕೊಂಡರು. ಮಾರನೆಯ ದಿನವೂ ಹೋದರು. ಎಲ್ಲ ಸೇರಿ ಹದಿನೈದು ವರ್ಷದ ಮೇಲಾಗಿದೆ.

"ಹೊಲಿಗೆ ಮಿಷನ್ನಲ್ಲೂ ಚಕ್ರ ಇತ್ತು, ಬೆಲ್ಟ್ ಇತ್ತು. ಇದು ಅದರ ದೊಡ್ಡಣ್ಣ ಅನ್ಕೊಂಡೆ," ಅನ್ನುತ್ತಾರೆ. "ಮೊದಮೊದಲು ಎಲ್ರೂ ನಗೋರು. ಈಗ ನಮ್ಮ ಯಜಮಾನ್ರು ಒಬ್ರೇ ನಗೋದು. ಊರಿನ ಮೋಟರೆಲ್ಲ ಸರಿ ಮಾಡ್ತಾಳೆ, ಮನೇಲಿ ಮಿಕ್ಸಿ ಕೆಟ್ಟು ಆರು ತಿಂಗಳಾಯ್ತು, ಕೇಳೋರಿಲ್ಲ ಅಂತಾರೆ."

ಅತ್ತಿಗೆ ಮೋಟರ್ ಎತ್ತಿಸುವುದನ್ನು ನೋಡಬೇಕು. ಇವತ್ತಿನದು ನಲವತ್ತು ಎಚ್‌ಪಿ, ತೂಕ ಮುನ್ನೂರು ಕಿಲೋ ಹತ್ತಿರ. ಮೇಲಿನ ತೊಲೆಗೆ ಭಾರ ಎತ್ತುವ ಚೈನ್ ಬ್ಲಾಕ್ ತೂಗುಹಾಕಿದೆ, ಅದನ್ನು ಎಳೆಯಲು ಕಾರ್ಖಾನೆಯ ಇಬ್ಬರು ಬಂದಿದ್ದಾರೆ. ಮೋಟರಿನ ನೆತ್ತಿಯ ಮೇಲಿನ ಉಂಗುರವನ್ನು ಅತ್ತಿಗೆ ಕೊನೆಯವರೆಗೆ ತಿರುಗಿಸಿ, ಇನ್ನು ತಿರುಗದು ಎಂದಾದ ಮೇಲೆಯೇ ಕೊಕ್ಕೆ ಹಾಕಿಸುತ್ತಾರೆ. ನೆಲದಿಂದ ಒಂದು ಗೇಣು ಎತ್ತಿಸಿ ನಿಲ್ಲಿಸುತ್ತಾರೆ. ಎಲ್ಲರೂ ಆ ತೂಗಾಟ ನಿಲ್ಲುವುದನ್ನೇ ಕಾಯುತ್ತೇವೆ.

"ಬೀಳೋದಿದ್ರೆ ಇಲ್ಲೇ ಬೀಳ್ಲಿ," ಎಂದು ನನ್ನ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಸರಿಸುತ್ತಾರೆ. "ಬರೆಯೋರಿಗೂ ಕಾಲು ಬೇಕಲ್ವಾ."

ಚೈನ್ ಎಳೆಯುವವರು ನಗುತ್ತಾರೆ. ನಾನು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗುತ್ತೇನೆ. ಮೋಟರ್ ನಿಧಾನವಾಗಿ ಕಟ್ಟೆಯ ಮೇಲೆ ಹೋಗುತ್ತದೆ, ಇಳಿಯುತ್ತದೆ. ನಾಲ್ಕು ಕಾಲಿನ ಕೆಳಗೂ ಅತ್ತಿಗೆ ಕೂದಲಿನಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ತೂರಿಸಿ ನೋಡುತ್ತಾರೆ. ಮೂರು ಕಡೆ ಅದು ಒಳಗೆ ಹೋಗುವುದಿಲ್ಲ, ನಾಲ್ಕನೆಯ ಕಡೆ ಸಲೀಸಾಗಿ ನುಗ್ಗುತ್ತದೆ. ಅಲ್ಲಿಗೆ ಒಂದು ತೆಳು ತಗಡು ಕೊಟ್ಟು ಮತ್ತೆ ನೋಡುತ್ತಾರೆ. ಬೋಲ್ಟುಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ.

ಇಷ್ಟೆಲ್ಲ ಆಗುವಾಗ ಪಕ್ಕದಲ್ಲಿ ಎರಡನೆಯ ಫ್ಯಾನ್ ಓಡುತ್ತಲೇ ಇದೆ. ಮಾತು ಕೇಳಬೇಕಾದರೆ ಕಿವಿಯ ಹತ್ತಿರ ಬರಬೇಕು. ಎರಡು ಫ್ಯಾನುಗಳೂ ರಟ್ಟು ಒಣಗಿಸುವ ದೊಡ್ಡ ಕೋಣೆಯಿಂದ ಹಬೆಯನ್ನು ಎಳೆದು ಒಂದೇ ದೊಡ್ಡ ಕೊಳವೆಗೆ ಬಿಡುತ್ತವೆ. ಅಂದು ಆದದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಅಂದು ಎರಡು ಫ್ಯಾನುಗಳೂ ನಿಂತಿದ್ದವು. ಈ ಫ್ಯಾನಿನ ಬೆಲ್ಟ್ ಬದಲಿಸಲು ಇಬ್ಬರೂ ಬಂದಿದ್ದರು. ಸ್ವಿಚ್ ಆರಿಸಿ ಅತ್ತಿಗೆ ಒಂದು ಬೀಗ, ಮೈದುನ ಒಂದು ಬೀಗ ಹಾಕಿದ್ದರು. ಕೆಲಸಕ್ಕಿಳಿದವರೆಲ್ಲ ತಮ್ಮ ತಮ್ಮ ಬೀಗ ಹಾಕಿ ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳುವುದು ಇಲ್ಲಿನ ಕಟ್ಟುನಿಟ್ಟು. ಹಾಗಾಗಿ ಯಾರೋ ಬಂದು ಸ್ವಿಚ್ ಒತ್ತುವ ಮಾತೇ ಇರಲಿಲ್ಲ. ಮೈದುನ ಬೆಲ್ಟಿಗೂ ಅದು ಓಡುವ ಚಕ್ರಕ್ಕೂ, ಅಂದರೆ ಪುಲ್ಲಿಗೂ, ನಡುವೆ ಕೈಯಿಟ್ಟು ಬಿಗಿ ನೋಡುತ್ತಿದ್ದರು. ಅತ್ತ ಒಣಗಿಸುವ ಕೋಣೆಯಲ್ಲಿ ಹಬೆ ತುಂಬಿತೆಂದು ಪಾಳಿಯವರು ಪಕ್ಕದ ಫ್ಯಾನ್ ಶುರು ಮಾಡಿದರು. ಅದು ಅವರ ಕೆಲಸ, ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆ ಫ್ಯಾನಿನ ಗಾಳಿ ಕೊಳವೆಯಲ್ಲಿ ಹಿಂದಕ್ಕೆ ನುಗ್ಗಿ, ಗಾಳಿ ತಡೆಯಬೇಕಾಗಿದ್ದ, ಅರ್ಧ ತೆರೆದೇ ತುಕ್ಕು ಹಿಡಿದಿದ್ದ ತಗಡಿನ ಬಾಗಿಲನ್ನು ದಾಟಿ ಈ ಫ್ಯಾನನ್ನು ಉಲ್ಟಾ ತಿರುಗಿಸಿತು.

"ನಮಗೆ ತಲೆಗೆ ಹೊಳೀಲೇ ಇಲ್ಲ ಸಾರ್," ಅನ್ನುತ್ತಾರೆ ಅತ್ತಿಗೆ. "ಮೋಟರನ್ನ ತಿರುಗಿಸೋದು ಕರೆಂಟು. ಕರೆಂಟಿಗೆ ಬೀಗ ಹಾಕಿದೀವಿ. ಇನ್ನು ತಿರುಗಿಸೋರು ಯಾರು? ಹಾಗೇ ಅನ್ಕೊಂಡಿದ್ವಿ. ಗಾಳೀನೂ ತಿರುಗಿಸುತ್ತೆ ಅನ್ನೋದು ಬಟ್ಟೆ ಒಣಗಾಕೋ ಹೆಂಗಸಿಗೆ ಗೊತ್ತಿರಬೇಕಿತ್ತು."

ಫ್ಯಾನ್ ಜೋರಾಗಿಯೇನೂ ತಿರುಗಲಿಲ್ಲ. ಎರಡು ಸುತ್ತೋ ಮೂರು ಸುತ್ತೋ ಸುತ್ತಿ ನಿಂತಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ವಿಚಾರಣೆಗೆ ಬಂದವರು ಎಲ್ಲವನ್ನೂ ನೋಡಿದರು. ಬೀಗಗಳು ಹಾಕಿದ ಹಾಗೇ ಇದ್ದವು. ಯಾರ ತಪ್ಪೂ ಇಲ್ಲ ಎಂದು ಬರೆದುಕೊಂಡು ಹೋದರು.

"ಯಾರ ತಪ್ಪೂ ಇಲ್ಲ ಅಂದ್ರೆ ನೋವು ಕಮ್ಮಿ ಆಗುತ್ತಾ?" ಎಂದು ಅತ್ತಿಗೆ ಕೇಳುತ್ತಾರೆ.

ಅಂದಿನಿಂದ ಅತ್ತಿಗೆಯ ಚೀಲದಲ್ಲಿ ಒಂದು ಹಗ್ಗ ಇರುತ್ತದೆ. ಹೆಬ್ಬೆರಳು ಗಾತ್ರದ ನೈಲಾನ್ ಹಗ್ಗ. ಫ್ಯಾನಾಗಲಿ ಪಂಪಾಗಲಿ, ಕರೆಂಟಿಗೆ ಬೀಗ ಹಾಕಿದ ಮೇಲೆ ಪುಲ್ಲಿಯ ಅರಕ್ಕೂ, ಅಂದರೆ ಚಕ್ರದ ಒಳಗಿನ ಕಡ್ಡಿಗೂ, ಕಬ್ಬಿಣದ ಚೌಕಟ್ಟಿಗೂ ಆ ಹಗ್ಗ ಕಟ್ಟದೆ ಅವರು ಕೆಲಸ ಮುಟ್ಟುವುದಿಲ್ಲ. ಮೊದಲು ಜನ ಗೇಲಿ ಮಾಡಿದರಂತೆ. ಹಸು ಕಟ್ಟಿದ ಹಾಗೆ ಕಟ್ಟುತ್ತೀರಲ್ಲ ಅತ್ತಿಗೆ, ಹಾಲು ಕರೆಯುತ್ತೀರಾ ಎಂದು ಕೇಳಿದರಂತೆ. "ಒದೆಯೋದು ಅಂತ ಗೊತ್ತಾದ ಮೇಲೆ ಕಟ್ಟದೆ ಹತ್ರ ಹೋಗ್ತಾರಾ?" ಎಂದರಂತೆ ಇವರು. ಈಗ ಯಾರೂ ಗೇಲಿ ಮಾಡುವುದಿಲ್ಲ. ಬೇರೆ ಕಾರ್ಖಾನೆಯವರೂ ಅತ್ತಿಗೆ ಬರುತ್ತಾರೆಂದರೆ ಹಗ್ಗಕ್ಕೊಂದು ಜಾಗ ನೋಡಿಟ್ಟಿರುತ್ತಾರೆ.

ಮೋಟರ್ ಕೂತಾಗಿದೆ. ಇನ್ನು ತಂತಿಯ ಕೆಲಸ. ಅತ್ತಿಗೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ, ಕೈ ಒರೆಸಿಕೊಳ್ಳುತ್ತಾರೆ, ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಾರೆ. ಬಾಗಿಲ ಕಡೆ ಈಗಲೂ ನೋಡುವುದಿಲ್ಲ.

ಮೈದುನ ಒಳಗೆ ಬರುತ್ತಾರೆ. ನೇರವಾಗಿ ಗೋಡೆಯ ಮೇಲಿನ ಸ್ವಿಚ್ ಪೆಟ್ಟಿಗೆಯ ಹತ್ತಿರ ಹೋಗುತ್ತಾರೆ. ಅಲ್ಲಿ ಅತ್ತಿಗೆಯ ಬೀಗ ಒಂದೇ ತೂಗುತ್ತಿದೆ. ಜೇಬಿನಿಂದ ಬಲಗೈ ಹೊರಗೆ ಬರುತ್ತದೆ, ಅದರಲ್ಲಿ ಹೊಸ ಬೀಗ. ಹೆಬ್ಬೆರಳು ಮತ್ತು ಕಿರುಬೆರಳಿನ ನಡುವೆ ಹಿಡಿದು ಅದನ್ನು ಪಕ್ಕದ ತೂತಿಗೆ ಸಿಕ್ಕಿಸಿ ಒತ್ತುತ್ತಾರೆ. ಬೀಗ ಬಿದ್ದ ಸದ್ದು ಪಕ್ಕದ ಫ್ಯಾನಿನ ಗದ್ದಲದಲ್ಲಿ ಕೇಳಿಸುವುದಿಲ್ಲ.

ತಂತಿ ಕೂಡಿಸುವಾಗ ಅವರ ಕೈಗಳು ಚೆನ್ನಾಗಿಯೇ ಆಡುತ್ತವೆ. ಎರಡು ವರ್ಷ ಮನೆಯಲ್ಲಿ ಹಳೆಯ ಸ್ವಿಚ್ಚುಗಳನ್ನು ಬಿಚ್ಚಿ ಜೋಡಿಸುತ್ತಾ ಎಡಗೈಯನ್ನು ಪಳಗಿಸಿಕೊಂಡಿದ್ದಾರೆ. ಬಲಗೈ ಈಗ ಹಿಡಿದುಕೊಳ್ಳುವುದಕ್ಕೆ, ಎಡಗೈ ಕೆಲಸಕ್ಕೆ. ಮೊದಲು ಹಸಿರು ತಂತಿಯನ್ನು ಮೋಟರಿನ ಮೈಗೆ ಬಿಗಿಯುತ್ತಾರೆ. ಮೋಟರಿನ ಮೈಗೆ ಕರೆಂಟ್ ಇಳಿದರೆ ಅದು ಮನುಷ್ಯನ ಮೂಲಕ ಹೋಗದೆ ನೆಲಕ್ಕೆ ಹೋಗಲೆಂದು ಇರುವ ತಂತಿ ಅದು. ಆಮೇಲೆ ಉಳಿದ ಮೂರು. ಎಲ್ಲರೂ ದೂರ ಸರಿದು, ಬೀಗ ತೆಗೆದು, ಒಂದೇ ಕ್ಷಣ ಕರೆಂಟ್ ಕೊಟ್ಟು ಮೋಟರ್ ಯಾವ ಕಡೆ ತಿರುಗುತ್ತದೆಂದು ನೋಡುತ್ತಾರೆ. ಸರಿಯಾದ ಕಡೆಯೇ ತಿರುಗುತ್ತದೆ. ಮತ್ತೆ ಸ್ವಿಚ್ ಆರಿಸಿ ಇಬ್ಬರ ಬೀಗವೂ ಬೀಳುತ್ತದೆ.

ಉಳಿದದ್ದು ಬೆಲ್ಟ್.

ಅತ್ತಿಗೆ ಕೊಳವೆಯ ಹಿಡಿ ತಿರುಗಿಸಿ ತಗಡಿನ ಬಾಗಿಲು ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡುತ್ತಾರೆ. ಅದು ಈಗ ಹೊಸ ಬಾಗಿಲು, ಸರಿಯಾಗಿ ಮುಚ್ಚುತ್ತದೆ. ಫ್ಯಾನಿನ ಪುಲ್ಲಿಗೆ ಹಗ್ಗ ಬೆಳಗಿನಿಂದಲೂ ಕಟ್ಟಿಯೇ ಇದೆ. ಬೆಲ್ಟುಗಳು ಸುಲಭವಾಗಿ ಕೂರಲೆಂದು ಬೋಲ್ಟ್ ಸಡಿಲಿಸಿ ಮೋಟರನ್ನು ಚೌಕಟ್ಟಿನ ಹಳಿಯ ಮೇಲೆ ಫ್ಯಾನಿನ ಕಡೆಗೆ ಸ್ವಲ್ಪ ತಂದಿದ್ದಾರೆ. ಮೈದುನ ಮೊದಲ ಬೆಲ್ಟನ್ನು ಕೈಗೆತ್ತಿಕೊಂಡು ಪುಲ್ಲಿಯ ಮುಂದೆ ಬರುತ್ತಾರೆ, ಕೈ ಮುಂದೆ ಚಾಚುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಹಣೆಯ ಮೇಲೆ ಬೆವರು ಮೂಡಿದ್ದು ನನಗೆ ಕಾಣುತ್ತದೆ. ಬೆಲ್ಟನ್ನು ಮೆಲ್ಲಗೆ ನೆಲದ ಮೇಲಿಡುತ್ತಾರೆ.

ಇಷ್ಟೇ ಆಯಿತು, ಇನ್ನು ಎದ್ದು ಹೊರಟುಬಿಡುತ್ತಾರೆ ಎಂದುಕೊಳ್ಳುತ್ತೇನೆ. ಅತ್ತಿಗೆಯ ಮುಖ ನೋಡುವ ಧೈರ್ಯ ನನಗೆ ಬರುವುದಿಲ್ಲ.

"ಅತ್ತಿಗೆ," ಅನ್ನುತ್ತಾರೆ ಮೈದುನ. "ಆ ಗಾಳಿ ಬಾಗಿಲು ತೆಗೀರಿ."

"ಏನಂದೆ?"

"ತೆಗೀರಿ ಅಂದೆ. ಹಗ್ಗ ತಡೆಯುತ್ತೋ ಇಲ್ವೋ ನಾನು ಒಂದ್ಸಲ ಕಣ್ಣಾರೆ ನೋಡ್ಬೇಕು."

"ಬೇಡ ಕಣೋ. ಬಾಗಿಲು ಮುಚ್ಚಿದೆ, ಹಗ್ಗ ಕಟ್ಟಿದೆ. ಸುಮ್ನೆ ಯಾಕೆ ಕೆಣಕ್ತೀಯ?"

"ಕೆಣಕದೆ ಹೇಗೆ ಗೊತ್ತಾಗುತ್ತೆ ಅತ್ತಿಗೆ?"

ಅಷ್ಟರಲ್ಲಿ ಸೂಪರ್‌ವೈಸರ್ ಬಂದು ನಿಂತಿದ್ದಾರೆ. ಒಣಗಿಸುವ ಕೋಣೆಯಲ್ಲಿ ಹಬೆ ತುಂಬುತ್ತಿದೆ, ಹೊಸ ಮೋಟರ್ ಬೇಗ ಓಡಬೇಕು ಎಂಬ ಅವಸರ ಅವರಿಗೆ ಇದ್ದೇ ಇದೆ. ಆದರೂ ಕೈಗಡಿಯಾರ ನೋಡಿಕೊಳ್ಳುವುದಿಲ್ಲ. "ನೋಡೇಬಿಡ್ಲಿ ಅತ್ತಿಗೆ," ಎಂದು ತಾವೇ ಎಲ್ಲರನ್ನೂ ಗೋಡೆಯ ಕಡೆ ಸರಿಸುತ್ತಾರೆ.

ಅತ್ತಿಗೆ ಹಿಡಿ ತಿರುಗಿಸುತ್ತಾರೆ. ಕೊಳವೆಯೊಳಗೆ ಭರ್ರನೆ ಸದ್ದಾಗುತ್ತದೆ. ಫ್ಯಾನಿನ ಪುಲ್ಲಿ ಕದಲುತ್ತದೆ, ನಿಧಾನವಾಗಿ ಹಿಂದಕ್ಕೆ ತಿರುಗುತ್ತದೆ. ಹಗ್ಗ ಸೆಟೆದು ನಿಲ್ಲುತ್ತದೆ, ಪುಲ್ಲಿಯೂ ನಿಲ್ಲುತ್ತದೆ. ಚೈನ್ ಎಳೆದವರಲ್ಲಿ ಒಬ್ಬರು "ತಡೀತು ನೋಡ್ರಿ!" ಎಂದು ಕೂಗುತ್ತಾರೆ.

ಮೈದುನ ಮಾತ್ರ ಕದಲುವುದಿಲ್ಲ. ಪುಲ್ಲಿಯನ್ನೇ ನೋಡುತ್ತಿದ್ದಾರೆ. ಅತ್ತಿಗೆ ಬಾಗಿಲು ಮುಚ್ಚಿದ ಮೇಲೆ ಹತ್ತಿರ ಹೋಗಿ, ಪುಲ್ಲಿ ಮೊದಲಿದ್ದ ಜಾಗವನ್ನೂ ಈಗ ಬಂದು ನಿಂತ ಜಾಗವನ್ನೂ ಎಡಗೈಯಿಂದ ಅಳೆದು ತೋರಿಸುತ್ತಾರೆ. ಪೂರ್ತಿ ಒಂದು ಗೇಣು.

"ತಡೀತು, ನಿಜ," ಅನ್ನುತ್ತಾರೆ. "ಆದ್ರೆ ತಡೆಯೋ ಮುಂಚೆ ಇಷ್ಟು ಬಂತು. ಬೆರಳಿಗೆ ಇಷ್ಟು ಬೇಕಾಗಿಲ್ಲ ಅತ್ತಿಗೆ. ಇದರಲ್ಲಿ ಅರ್ಧ ಸಾಕು."

ಅತ್ತಿಗೆ ಹಗ್ಗದ ಗಂಟು ಹಿಡಿದುಕೊಂಡು ನಿಂತುಬಿಡುತ್ತಾರೆ. ಎರಡು ವರ್ಷ ಅವರು ಎಲ್ಲೆಡೆ ಕಟ್ಟಿದ್ದು ಇದೇ ಹಗ್ಗ, ಹೀಗೇ. ಎಲ್ಲಿಯೂ ಎಳೆದು ನೋಡಿರಲಿಲ್ಲ. ಕಟ್ಟಿದೆ ಎಂಬ ನೆಮ್ಮದಿಯೇ ಸಾಕಾಗಿತ್ತು. ಬೀಗ ಹಾಕಿದೆ ಎಂಬ ನೆಮ್ಮದಿ ಅಂದು ಸಾಕಾದ ಹಾಗೆಯೇ.

"ಅಯ್ಯೋ ದೇವರೇ," ಅನ್ನುತ್ತಾರೆ ಅತ್ತಿಗೆ. "ಎಷ್ಟು ಜನದ ಕೈ ಇದರ ಮುಂದೆ ಇಡಿಸಿದೀನಿ ಕಣೋ ನಾನು."

"ಏನೂ ಆಗ್ಲಿಲ್ವಲ್ಲ. ಈಗ ಗೊತ್ತಾಯ್ತು, ಬಿಡಿ," ಅನ್ನುತ್ತಾರೆ ಮೈದುನ. ಬೆಳಗಿನಿಂದ ನಾನು ಕೇಳಿದ ದನಿಯೇ ಅಲ್ಲ ಅದು. ಕೆಲಸದವನ ದನಿ. "ಇನ್ನೊಂದು ಹಗ್ಗ ಇದ್ಯಾ? ಒಂದು ಆ ಕಡೆ ಎಳೀಲಿ, ಒಂದು ಈ ಕಡೆ ಎಳೀಲಿ. ಎರಡೂ ಬಿಗಿಯಾಗಿರ್ಬೇಕು. ಮಧ್ಯಕ್ಕೆ ಒಂದು ಮರದ ತುಂಡು ಹೊಡೀತೀನಿ."

ಮೋಟರ್ ಬಂದ ಹಲಗೆಗಳಲ್ಲಿ ಒಂದನ್ನು ಗರಗಸದಿಂದ ಕೊಯ್ದು, ಪುಲ್ಲಿಯ ಅರಕ್ಕೂ ಚೌಕಟ್ಟಿಗೂ ನಡುವೆ ಬೆಣೆಯಂತೆ ಹೊಡೆಯುತ್ತಾರೆ. ಎರಡು ಹಗ್ಗವನ್ನೂ ಎದುರು ಬದುರಾಗಿ ಕಟ್ಟುತ್ತಾರೆ. ಗಂಟು ಹಾಕುವುದು ಅತ್ತಿಗೆ, ಕಾಲು ಕೊಟ್ಟು ಎಳೆದು ಬಿಗಿಯುವುದು ಮೈದುನ. ಮತ್ತೆ ಬಾಗಿಲು ತೆಗೆಸುತ್ತಾರೆ. ಕೊಳವೆ ಭರ್ರೆನ್ನುತ್ತದೆ, ಪುಲ್ಲಿ ಕದಲುವುದಿಲ್ಲ. ಪೂರ್ತಿ ತೆಗೆಯಿರಿ ಅನ್ನುತ್ತಾರೆ. ಪೂರ್ತಿ ತೆಗೆದರೂ ಕದಲುವುದಿಲ್ಲ.

"ಮುಚ್ಚಿ," ಅನ್ನುತ್ತಾರೆ. ಬೆಲ್ಟನ್ನು ನೆಲದಿಂದ ಎತ್ತಿಕೊಳ್ಳುತ್ತಾರೆ. ಈ ಸಲ ಕೈ ನಿಲ್ಲುವುದಿಲ್ಲ. ಒಂದು ಬೆಲ್ಟ್, ಎರಡು, ಮೂರು, ನಾಲ್ಕು, ಎಲ್ಲವೂ ಪುಲ್ಲಿಯ ಮೇಲಿನ ತಮ್ಮ ತಮ್ಮ ತೋಡಿನಲ್ಲಿ ಕೂರುತ್ತವೆ. ಅತ್ತಿಗೆ ಎರಡು ಪುಲ್ಲಿಗಳ ಮುಖಕ್ಕೂ ದಾರ ಹಿಡಿದು ನೇರ ನೋಡುತ್ತಾರೆ, ಮೋಟರನ್ನು ಹಿಂದಕ್ಕೆ ಸರಿಸಿ ಬೆಲ್ಟ್ ಬಿಗಿಮಾಡಿ ಬೋಲ್ಟುಗಳನ್ನು ಮತ್ತೆ ಬಿಗಿಯುತ್ತಾರೆ. ಬಿಗಿ ಸಾಕೋ ಸಾಲದೋ ಎಂದು ಒತ್ತಿ ನೋಡುವುದು ಮೈದುನ, ಆ ಎರಡು ಬೆರಳಿನ ಕೈಯಿಂದಲೇ. ಹಗ್ಗ, ಬೆಣೆ ತೆಗೆದು ಮೇಲೆ ಕಬ್ಬಿಣದ ಜಾಲರಿ ಮುಚ್ಚಿ ಬಿಗಿಯುತ್ತಾರೆ. ಬೀಗಗಳು ಹೊರಗೆ ಬರುತ್ತವೆ.

ಸ್ವಿಚ್ ಒತ್ತಿದವರು ಮೈದುನ. ಮೋಟರ್ ಗುಂಯ್ ಎಂದು ಎದ್ದು, ಏರಿ, ಒಂದೇ ಸಮನಾದ ಸದ್ದಿಗೆ ಬಂದು ನಿಲ್ಲುತ್ತದೆ. ಅತ್ತಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುಂಬಾ ಹೊತ್ತು ಕೇಳುತ್ತಾರೆ. ಮೈದುನ ಅವರ ಮುಖವನ್ನೇ ನೋಡುತ್ತಾರೆ. ಅತ್ತಿಗೆ ತಲೆಯಾಡಿಸುತ್ತಾರೆ.

ಮನೆಗೆ ಹೊರಟಾಗ ಮಧ್ಯಾಹ್ನ ದಾಟಿದೆ. ಮೈದುನ ಚೀಲ ಬೀಸುತ್ತಾ ಮುಂದೆ ನಡೆಯುತ್ತಿದ್ದಾರೆ. ಅತ್ತಿಗೆ ನನ್ನ ಪಕ್ಕದಲ್ಲಿ.

"ಸಾರ್, ಪೇಪರಲ್ಲಿ ಈ ಹಗ್ಗದ ವಿಚಾರ ಬರೀತೀರಲ್ಲ, ನನ್ನ ಹೆಸರಿಗೆ ಹಾಕ್ಬೇಡಿ," ಅನ್ನುತ್ತಾರೆ. "ನಾನು ಕಟ್ಟಿದ್ದು ತಪ್ಪು. ಸರಿಯಾಗಿ ಕಟ್ಟಿದ್ದು ಅವನು. ನಾಳೆಯಿಂದ ನಾನು ಹಗ್ಗ ಕಟ್ಟಿದ ಕಡೆಗೆಲ್ಲ ಹೋಗಿ ಹೇಳ್ಬೇಕು, ಹಾಗಲ್ಲ ಹೀಗೆ ಅಂತ. ನಾಚಿಕೆ ಏನಿಲ್ಲ. ಹೇಳದೆ ಇದ್ರೆ ನಿದ್ದೆ ಬರಲ್ಲ."

ಅವರು ಹೇಳಿದ ಹಾಗೆಯೇ ಬರೆದಿದ್ದೇನೆ.

ಓಣಿಯ ತಿರುವಿನಲ್ಲೇ ಅತ್ತೆ ಕಾಣುತ್ತಾರೆ. ಹೊಸ್ತಿಲ ಮೇಲೆ ಕೂತಿದ್ದಾರೆ. ಎಷ್ಟು ಹೊತ್ತಿನಿಂದ ಕೂತಿದ್ದಾರೋ ಗೊತ್ತಿಲ್ಲ. ಮಗ ಹತ್ತಿರ ಬಂದೊಡನೆ ಎದ್ದು ಅವನ ಎರಡು ಕೈಗಳನ್ನೂ ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಾರೆ. "ಓಡ್ತು ಅಮ್ಮ," ಅನ್ನುತ್ತಾರೆ ಮೈದುನ, ಮಗುವಿನ ಹಾಗೆ. "ನಾನೇ ಓಡಿಸ್ದೆ." ಅತ್ತೆ ಸೆರಗಿನಿಂದ ಮಗನ ಹಣೆ ಒರೆಸಿ ಒಳಗೆ ಕಳಿಸುತ್ತಾರೆ.

ಅತ್ತಿಗೆ ಚಪ್ಪಲಿ ಬಿಡುತ್ತಿದ್ದಾರೆ. ಅತ್ತೆ ಒಳಗೆ ಹೋಗುವುದಿಲ್ಲ.

"ನಿನ್ನ ಕೈ ಕೊಡು," ಅನ್ನುತ್ತಾರೆ.

ಅತ್ತಿಗೆಗೆ ಅರ್ಥವಾಗುವುದಿಲ್ಲ. "ಗ್ರೀಸ್ ಇದೆ ಅತ್ತೆ. ತೊಳ್ಕೊಂಡು ಬರ್ತೀನಿ."

"ಇರ್ಲಿ, ಕೊಡು."

ಅತ್ತೆ ಸೊಸೆಯ ಕೈಗಳನ್ನು ಬಾಗಿಲ ಬೆಳಕಿಗೆ ಹಿಡಿದು ಬೆರಳು ಬೆರಳನ್ನೂ ನೋಡುತ್ತಾರೆ. ಅಂಗೈ ಮೇಲೆ ಮಾಡುತ್ತಾರೆ. ಎರಡು ಅಂಗೈಗೂ ಅಡ್ಡಲಾಗಿ ಹಳೆಯ ಸುಟ್ಟ ಗಾಯದ ಗುರುತು ಇದೆ, ಚರ್ಮ ಬಿಳಿಚಿಕೊಂಡು ಒಣಗಿದೆ. ಬೆಳಗಿನಿಂದ ಜೊತೆಗಿದ್ದ ನಾನೂ ಅದನ್ನು ನೋಡಿರಲಿಲ್ಲ.

"ಇದೇನು?"

"ಹಳೇದು ಅತ್ತೆ."

"ಹಳೇದು ಅಂದ್ರೆ ಯಾವಾಗಿಂದು?"

ಅತ್ತಿಗೆ ಕೈ ಹಿಂದಕ್ಕೆಳೆಯಲು ನೋಡುತ್ತಾರೆ. ಒಳಗಿನಿಂದ ಮೈದುನನ ದನಿ ಬರುತ್ತದೆ. "ಆವತ್ತಿಂದೇ ಅಮ್ಮ. ಫ್ಯಾನ್ ತಾನಾಗೇ ನಿಂತಿದ್ದು ಅಂದ್ಕೊಂಡಿದೀಯಾ? ಅತ್ತಿಗೆ ಎರಡು ಕೈಯಲ್ಲೂ ಬೆಲ್ಟ್ ಹಿಡಿದು ನಿಲ್ಲಿಸಿದ್ರು. ಇಲ್ಲಾಂದ್ರೆ ಕೈನೇ ಇರ್ತಿರ್ಲಿಲ್ಲ ನಂಗೆ. ಮನೇಲಿ ಹೇಳ್ಬೇಡ ಅಂದಿದ್ರು."

ಅತ್ತೆ ಆ ಅಂಗೈಗಳನ್ನು ಬಿಡುವುದಿಲ್ಲ.

"ಎರಡು ವರ್ಷ ಈ ಕೈಯಿಂದಾನೇ ತಟ್ಟೆ ಇಸ್ಕೊಂಡು ಉಂಡಿದೀನಿ. ನೋಡ್ಲೇ ಇಲ್ವಲ್ಲೇ ನಾನು."

"ಬಿಡಿ ಅತ್ತೆ," ಅನ್ನುತ್ತಾರೆ ಅತ್ತಿಗೆ.

"ಮತ್ತೆ ಯಾವಾಗ ಕಾರ್ಖಾನೆಗೆ?"

"ನಾಳೆ ಬೆಳಗ್ಗೆ."

ಅತ್ತೆ ಸೊಸೆಯ ಕೈಯ ಗ್ರೀಸನ್ನು ತಮ್ಮ ಸೆರಗಿನಿಂದಲೇ ಒರೆಸಲು ಶುರುಮಾಡುತ್ತಾರೆ.

"ಇಬ್ರೂ ಹೋಗಿ," ಅನ್ನುತ್ತಾರೆ. "ಇಬ್ರೂ ಬನ್ನಿ. ಇಬ್ರ ಕೈನೂ ನೋಡ್ತೀನಿ."